ಬೃಂದಾವನದ ದಿವಾನರು

ನೀರು ನಿಂತ ಕಡೆಗೆ ಜನ ಬರುತ್ತಾರೆ. ಇದು ಎಲ್ಲ ಕಾಲಕ್ಕೂ ಸಲ್ಲುವ ಮಾತು. ನಮ್ಮ ನಾಡಿನಲ್ಲಿ ಕೆರೆ ಕಟ್ಟಿಸಿದ ಅರಸರೂ ಸಿರಿವಂತರೂ ಮಣ್ಣಿನ ಏರಿಯನ್ನು ಹಾಕಿ, ತೂಬನ್ನು ಇಡಿಸಿ, ಅಷ್ಟಕ್ಕೇ ಸುಮ್ಮನಾಗಲಿಲ್ಲ. ನೀರಿಗೆ ಇಳಿಯಲು ಕಲ್ಲಿನ ಸೋಪಾನ, ದಣಿದವರು ಕುಳಿತುಕೊಳ್ಳಲು ಮಂಟಪ, ನೆರಳಿಗೆ ಅರಳೀಕಟ್ಟೆ, ಬೇಸಗೆಯಲ್ಲಿ ದಾರಿಹೋಕರಿಗೆ ಅರವಟ್ಟಿಗೆ ಇವೆಲ್ಲವೂ ಕೆರೆಯ ಜೊತೆಯಲ್ಲಿಯೇ ಹುಟ್ಟಿದ ಏರ್ಪಾಡುಗಳು. ಕಾರ್ಕಳದಲ್ಲಿ ಭೈರರಸರ ಕಾಲದ ಆನೆಕೆರೆಯ ನಡುವೆ ಬಸದಿಯೊಂದು ನಿಂತಿದೆ. ಅದೇ ಸೀಮೆಯ ವರಂಗದಲ್ಲಿ ಕೆರೆಯ ನಡುವಿನ ಬಸದಿಗೆ ಇಂದಿಗೂ ದೋಣಿಯಲ್ಲಿ ಹೋಗಬೇಕು. ಉಡುಪಿಯ ಶ್ರೀಕೃಷ್ಣ ಮಠದ ಮಧ್ವ ಸರೋವರಕ್ಕೆ ಇಳಿಯಲು ಕಲ್ಲಿನ ಮೆಟ್ಟಿಲುಗಳಿವೆ. ನೀರನ್ನು ಹಿಡಿದು ನಿಲ್ಲಿಸಿದವನು ಆ ನೀರನ್ನು ಕಾಣಲು ಬರುವವರನ್ನೂ ಆದರದಿಂದ ಬರಮಾಡಿಕೊಳ್ಳಬೇಕೆಂಬ ತಿಳಿವಳಿಕೆ ಈ ಎಲ್ಲ ರಚನೆಗಳಲ್ಲಿ ಅಡಗಿದೆ.

ಇಪ್ಪತ್ತನೆಯ ಶತಮಾನದಲ್ಲಿ ಕಾಲ ಬದಲಾಯಿತು. ಊರಿನ ಕೆರೆಗಳ ಜೊತೆಗೆ, ನದಿಗಳಿಗೆ ಅಡ್ಡಲಾಗಿ ಕಟ್ಟಿದ ಭಾರಿ ಜಲಾಶಯಗಳು ತಲೆಯೆತ್ತಿದವು. ಇವು ಹೊಲಗಳಿಗೆ ನೀರನ್ನೂ ಕಾರ್ಖಾನೆಗಳಿಗೆ ವಿದ್ಯುತ್ತನ್ನೂ ಒದಗಿಸುವ ಮಹಾಕಾರ್ಯಗಳು. ಇವುಗಳ ಲೆಕ್ಕಾಚಾರದಲ್ಲಿ ನೀರಿನ ಅಳತೆಯಿತ್ತು, ಕಲ್ಲು ಗಾರೆಗಳ ಅಳತೆಯಿತ್ತು. ನೋಡಲು ಬರುವ ಸಾಮಾನ್ಯ ಮನುಷ್ಯನಿಗೆ ಎಲ್ಲಿ ನೆರಳು, ಎಲ್ಲಿ ಆಸನ ಎಂಬ ಯೋಚನೆ ಮಾತ್ರ ಹಿಂದೆ ಬೀಳುವ ಸಂಭವವಿತ್ತು. ಆ ಯೋಚನೆಯನ್ನು ರಾಜ್ಯದ ಆಡಳಿತದೊಳಕ್ಕೆ ತಂದು, ಅಣೆಕಟ್ಟಿನ ಅಡಿಯಲ್ಲಿಯೇ ಲೋಕವು ಮೆಚ್ಚುವ ಉದ್ಯಾನವನ್ನು ನಿರ್ಮಿಸಿದವರು ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರು.

ಮಿರ್ಜಾ ಇಸ್ಮಾಯಿಲ್ ಅವರು 1883ರ ಅಕ್ಟೋಬರ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಜನಿಸಿದರು. ಅವರ ತಾತ ಅಲಿ ಅಸ್ಕರ್ ಶಿರಾಜಿಯವರು ಪರ್ಷಿಯಾ ದೇಶದಿಂದ ಕುದುರೆಯ ವ್ಯಾಪಾರಕ್ಕಾಗಿ ಬಂದು ಬೆಂಗಳೂರಿನಲ್ಲಿ ನೆಲೆಸಿದವರು. ಉತ್ತಮ ತಳಿಯ ಕುದುರೆಗಳನ್ನು ಮೈಸೂರಿನ ಅರಮನೆಗೂ ಬ್ರಿಟಿಷ್ ಅಧಿಕಾರಿಗಳಿಗೂ ಒದಗಿಸಿ ಅವರು ಹೆಸರನ್ನೂ ಸಂಪತ್ತನ್ನೂ ಗಳಿಸಿದರು. ಬೆಂಗಳೂರಿನ ಅಲಿ ಅಸ್ಕರ್ ರಸ್ತೆ ಇಂದಿಗೂ ಅವರ ನೆನಪನ್ನು ಉಳಿಸಿದೆ. ದೂರದ ನಾಡಿನಿಂದ ಬಂದ ಈ ಮನೆತನವು ಎರಡು ತಲೆಮಾರುಗಳಲ್ಲಿ ಕನ್ನಡ ನೆಲದ ಮನೆತನವೇ ಆಗಿಹೋಯಿತು.

ಬಾಲಕ ಮಿರ್ಜಾ ಅವರ ಬಾಳಿಗೆ ತಿರುವು ಕೊಟ್ಟದ್ದು ಮೈಸೂರಿನ ಅರಮನೆಯ ಶಾಲೆ. ಎಳೆಯ ವಯಸ್ಸಿನಲ್ಲಿಯೇ ಪಟ್ಟಕ್ಕೆ ಬಂದಿದ್ದ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಶಿಕ್ಷಣ ನೀಡಲು ಸ್ಟುವರ್ಟ್ ಫ್ರೇಸರ್ ಎಂಬ ಅಧಿಕಾರಿ ನೇಮಕಗೊಂಡಿದ್ದರು. ಮಹಾರಾಜರು ಒಬ್ಬರೇ ಕಲಿಯಬಾರದು, ಓರಗೆಯ ಹುಡುಗರ ಜೊತೆಯಲ್ಲಿ ಕಲಿಯಬೇಕು ಎಂದು ಆರಿಸಿದ ಸಹಪಾಠಿಗಳಲ್ಲಿ ಮಿರ್ಜಾ ಒಬ್ಬರು. ಪಾಠದಲ್ಲಿಯೂ ಆಟದಲ್ಲಿಯೂ ಕುದುರೆ ಸವಾರಿಯಲ್ಲಿಯೂ ಜೊತೆಯಾಗಿ ಬೆಳೆದ ಈ ಇಬ್ಬರ ಸ್ನೇಹವು ಮಹಾರಾಜರ ಕೊನೆಯ ದಿನದವರೆಗೂ ಮಾಸಲಿಲ್ಲ. ಒಬ್ಬರು ಶ್ರದ್ಧಾವಂತ ಹಿಂದೂ ಅರಸರು. ಮತ್ತೊಬ್ಬರು ಮುಸಲ್ಮಾನ ಮನೆತನದವರು. ಮತದ ಭೇದವು ಅವರ ನಡುವಿನ ನಂಬಿಕೆಗೆ ಎಂದೂ ಅಡ್ಡಿಯಾಗಲಿಲ್ಲ.

ಮುಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1905ರಲ್ಲಿ ಮಿರ್ಜಾ ಅವರು ಪದವಿ ಪಡೆದರು. ಕೆಲಕಾಲ ಪೊಲೀಸ್ ಇಲಾಖೆಯಲ್ಲಿ ಕೆಲಸ ಮಾಡಿದ ಬಳಿಕ ಮಹಾರಾಜರ ಕಚೇರಿಯ ಸೇವೆಗೆ ಸೇರಿದರು. ಅಲ್ಲಿ ಹಂತಹಂತವಾಗಿ ಮೇಲೇರಿ ಹುಜೂರ್ ಕಾರ್ಯದರ್ಶಿಯಾಗಿ, ಆಪ್ತ ಕಾರ್ಯದರ್ಶಿಯಾಗಿ ದುಡಿದು, 1926ರಲ್ಲಿ ಮೈಸೂರು ಸಂಸ್ಥಾನದ ದಿವಾನರಾದರು. ಶೇಷಾದ್ರಿ ಅಯ್ಯರ್, ವಿಶ್ವೇಶ್ವರಯ್ಯನವರಂತಹ ಹಿರಿಯರು ಕುಳಿತಿದ್ದ ಪೀಠವದು. ಅದರಲ್ಲಿ ಹದಿನೈದು ವರ್ಷಗಳ ಕಾಲ, ಎಂದರೆ 1941ರವರೆಗೆ, ಅವರು ಕುಳಿತು ಆಡಳಿತ ನಡೆಸಿದರು.

ದಿವಾನರಾದ ಮೇಲೂ ಮಿರ್ಜಾ ಅವರು ಕಚೇರಿಯ ಕಾಗದಪತ್ರಗಳಲ್ಲಿ ಮುಳುಗಿಹೋಗಲಿಲ್ಲ. ಬೆಳಗಿನ ಹೊತ್ತು ಕುದುರೆಯನ್ನೇರಿ ನಗರದ ಬೀದಿಗಳಲ್ಲಿ ಸಂಚರಿಸುವುದು ಅವರ ರೂಢಿ. ಸವಾರಿಯೆಂಬುದು ಅವರಿಗೆ ವ್ಯಾಯಾಮವೂ ಹೌದು, ಆಡಳಿತವೂ ಹೌದು. ಚರಂಡಿ ಕಟ್ಟಿಕೊಂಡಿದೆಯೇ, ರಸ್ತೆಯ ಅಂಚಿನ ಸಸಿಗೆ ನೀರು ಬಿದ್ದಿದೆಯೇ, ದೀಪದ ಕಂಬ ನೆಟ್ಟಗಿದೆಯೇ, ಉದ್ಯಾನದ ಬೇಲಿ ಮುರಿದಿದೆಯೇ ಎಂದು ಅವರ ಕಣ್ಣು ಹುಡುಕುತ್ತಿತ್ತು. ಕಂಡ ಕೊರತೆಯನ್ನು ಸಂಬಂಧಪಟ್ಟ ಅಧಿಕಾರಿಗೆ ತಿಳಿಸಿ, ಮತ್ತೆ ಅದೇ ದಾರಿಯಲ್ಲಿ ಬಂದಾಗ ಅದು ಸರಿಯಾಗಿದೆಯೇ ಎಂದು ನೋಡುತ್ತಿದ್ದರು. ಇಷ್ಟು ದೊಡ್ಡ ಪದವಿಯಲ್ಲಿದ್ದವರು ಇಷ್ಟು ಸಣ್ಣ ವಿಷಯಗಳನ್ನು ಗಮನಿಸಬೇಕೇ ಎಂದು ಯಾರಿಗಾದರೂ ಅನಿಸಬಹುದು. ಆದರೆ ಸಾಮಾನ್ಯ ಪ್ರಜೆಯು ದಿನನಿತ್ಯವೂ ಕಾಣುವ ಸರ್ಕಾರವೆಂದರೆ ಬೀದಿಯ ದೀಪ, ಚರಂಡಿ, ಕುಡಿಯುವ ನೀರಿನ ನಲ್ಲಿ. ಅವು ಚೆನ್ನಾಗಿದ್ದರೆ ಅವನಿಗೆ ಆಡಳಿತದಲ್ಲಿ ನಂಬಿಕೆ ಹುಟ್ಟುತ್ತದೆ. ಬೆಂಗಳೂರು ಮೈಸೂರು ನಗರಗಳು ಅವರ ಕಾಲದಲ್ಲಿ ಅಗಲವಾದ ರಸ್ತೆಗಳಿಂದಲೂ ಉದ್ಯಾನಗಳಿಂದಲೂ ಕಳೆಗೂಡಿದ್ದಕ್ಕೆ ಈ ದೃಷ್ಟಿಯೇ ಕಾರಣ.

ಮಿರ್ಜಾ ಅವರು ದಿವಾನರಾಗಿ ಬಂದಾಗ ಕನ್ನಂಬಾಡಿಯಲ್ಲಿ ಕಾವೇರಿ ನದಿಗೆ ಅಡ್ಡಲಾಗಿ ಕೃಷ್ಣರಾಜಸಾಗರದ ಅಣೆಕಟ್ಟು ಮೇಲೇಳುತ್ತಿತ್ತು. ವಿಶ್ವೇಶ್ವರಯ್ಯನವರು ಮುಖ್ಯ ಎಂಜಿನಿಯರ್ ಆಗಿದ್ದಾಗ, 1911ರಲ್ಲಿ ಈ ಕೆಲಸ ಆರಂಭವಾಗಿತ್ತು. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಎಂಬ ಮೂರು ನದಿಗಳು ಕೂಡುವ ಕಡೆಯಲ್ಲಿ, ಸುಮಾರು 8,600 ಅಡಿ ಉದ್ದದ ಆ ಗೋಡೆಯನ್ನು ಕಲ್ಲು ಮತ್ತು ಸುರ್ಕಿ ಗಾರೆಯಿಂದ ಕಟ್ಟಲಾಯಿತು. ಅಣೆಕಟ್ಟಿನ ಎತ್ತರದ ವಿಚಾರದಲ್ಲಿ ಮದರಾಸು ಸರ್ಕಾರದೊಡನೆ ಇದ್ದ ವಿವಾದವು 1924ರ ಒಪ್ಪಂದದಿಂದ ಒಂದು ನೆಲೆಗೆ ಬಂದ ಮೇಲೆ ಕೆಲಸ ಮುಂದುವರಿದು, 1930ರ ದಶಕದ ಆರಂಭದಲ್ಲಿ ಮುಗಿಯಿತು. ಇಲ್ಲಿಂದ ಹೊರಟ ದೊಡ್ಡ ನಾಲೆಯನ್ನು ಮೊದಲು ಇರ್ವಿನ್ ನಾಲೆ ಎಂದು ಕರೆದರು. ಈಗ ಅದು ವಿಶ್ವೇಶ್ವರಯ್ಯ ನಾಲೆ. ಮಳೆಯನ್ನೇ ನಂಬಿ ಬಾಳುತ್ತಿದ್ದ ಮಂಡ್ಯದ ಸೀಮೆಯಲ್ಲಿ ಒಂದು ಲಕ್ಷ ಎಕರೆಗೂ ಹೆಚ್ಚಿನ ಭೂಮಿ ಅದರ ನೀರನ್ನು ಕುಡಿಯಿತು.

ಇಂತಹ ಮಹಾಕಾರ್ಯಕ್ಕೆ ಜನ ತೆತ್ತ ಬೆಲೆಯೂ ಸಣ್ಣದಲ್ಲ. ಕೆಲಸಗಾರರು ಮಲೇರಿಯಾ ಜ್ವರದಿಂದ ನರಳಿದರು. ಹಳೆಯ ಕನ್ನಂಬಾಡಿಯೂ ಸುತ್ತಣ ಹಲವು ಹಳ್ಳಿಗಳೂ ನೀರಿನಲ್ಲಿ ಮುಳುಗಿದವು. ಅಲ್ಲಿನ ರೈತರು ತಲೆತಲಾಂತರದ ಮನೆ ಮಠಗಳನ್ನು ಬಿಟ್ಟು ಬೇರೆಡೆಗೆ ಹೋಗಬೇಕಾಯಿತು. ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ದೇವಾಲಯವೂ ಜಲಾಶಯದ ಪಾಲಾಯಿತು. ಎಷ್ಟೋ ದಶಕಗಳ ಅನಂತರ ಅದನ್ನು ಹೊಸ ಕನ್ನಂಬಾಡಿಯ ಬಳಿ ಹಿನ್ನೀರಿನ ದಡದಲ್ಲಿ ಮತ್ತೆ ಕಟ್ಟಲಾಗಿದೆ. ಇಷ್ಟು ಜನರ ತ್ಯಾಗದಿಂದ ನಿಂತ ನೀರು ಎಲ್ಲ ಜನರ ಸೊತ್ತು. ಅದರ ಬಳಿಗೆ ಬರುವ ಹಕ್ಕು ಅತಿಥಿಗಳಿಗೂ ಅಧಿಕಾರಿಗಳಿಗೂ ಎಷ್ಟಿದೆಯೋ ಹಳ್ಳಿಯ ರೈತನಿಗೂ ಅಷ್ಟೇ ಇದೆ.

ಸಾಧಾರಣವಾಗಿ ಅಣೆಕಟ್ಟಿನ ಕೆಲಸ ಮುಗಿದ ಮೇಲೆ ಅದರ ಕೆಳಗಿನ ನೆಲವು ನೋಡುವಂತಿರುವುದಿಲ್ಲ. ಕಲ್ಲು ಒಡೆದ ಗುಂಡಿಗಳು, ಮಣ್ಣಿನ ರಾಶಿಗಳು, ಮುಳ್ಳುಪೊದೆಗಳು ಉಳಿದುಕೊಳ್ಳುತ್ತವೆ. ನಿಂತ ನೀರಿನ ಕುಳಿಗಳಲ್ಲಿ ಸೊಳ್ಳೆ ಹುಟ್ಟುತ್ತದೆ. ಇಂತಹ ನೆಲದಲ್ಲಿ ಮಿರ್ಜಾ ಅವರು ಉದ್ಯಾನವನ್ನು ಕಂಡರು. ಕಾಶ್ಮೀರದ ದಾಲ್ ಸರೋವರದ ಬಳಿ ಮೊಗಲ್ ದೊರೆ ಜಹಾಂಗೀರನು 1619ರಲ್ಲಿ ಮಾಡಿಸಿದ ಶಾಲಿಮಾರ್ ಉದ್ಯಾನವು ಅವರಿಗೆ ಮಾದರಿಯಾಯಿತು. ಬೆಟ್ಟದಿಂದ ಇಳಿದ ನೀರು ನೆಲದ ಒಂದೊಂದು ಹಂತದಲ್ಲಿಯೂ ಜಿಗಿದು, ಕಾಲುವೆಯಾಗಿ ಹರಿದು, ಕಾರಂಜಿಯಾಗಿ ಚಿಮ್ಮಿ, ಕೊನೆಗೆ ಸರೋವರದ ಕಡೆಗೆ ಸಾಗುವುದು ಆ ಉದ್ಯಾನದ ಸೊಗಸು. ಕಾಶ್ಮೀರದಲ್ಲಿ ಬೆಟ್ಟವು ಮಾಡುವ ಕೆಲಸವನ್ನು ಕನ್ನಂಬಾಡಿಯಲ್ಲಿ ಅಣೆಕಟ್ಟು ಮಾಡಬಲ್ಲದು ಎಂಬುದೇ ಈ ಯೋಜನೆಯ ಜೀವಾಳ.

ಯೋಜನೆಯನ್ನು ರೂಪಿಸಲು ತಕ್ಕ ಕಲಾವಿದರೂ ದೊರೆತರು. ಅವರು ಬೆಂಗಳೂರಿನ ಲಾಲ್‌ಬಾಗಿನ ಮುಖ್ಯಸ್ಥರಾಗಿದ್ದ ಕ್ರುಂಬಿಗಲ್ ಅವರು. ಜರ್ಮನಿಯ ಡ್ರೆಸ್ಡೆನ್ ನಗರದ ಬಳಿ 1865ರಲ್ಲಿ ಹುಟ್ಟಿ, ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ ಕೆಲಸ ಕಲಿತು, ಬರೋಡೆಯ ಅರಸರ ಸೇವೆಯಲ್ಲಿದ್ದು, 1908ರಲ್ಲಿ ಮೈಸೂರಿಗೆ ಬಂದವರು ಅವರು. ಒಂದು ಜಾತಿಯ ಮರ ಹೂ ಮುಗಿಸುವ ಹೊತ್ತಿಗೆ ಮತ್ತೊಂದು ಜಾತಿ ಅರಳುವಂತೆ ಬೆಂಗಳೂರಿನ ರಸ್ತೆಗಳಲ್ಲಿ ಸಾಲುಮರಗಳನ್ನು ನೆಡಿಸಿದ ಕೀರ್ತಿ ಅವರದು. ಮುಂದೆ 1956ರಲ್ಲಿ ಅವರು ಬೆಂಗಳೂರಿನಲ್ಲಿಯೇ ತೀರಿಕೊಂಡರು. ಕೆಲಸವನ್ನು ಬಲ್ಲವರು ಯಾವ ನಾಡಿನವರಾದರೂ ಅವರನ್ನು ಗೌರವದಿಂದ ಕರೆದು ಹೊಣೆಯನ್ನು ಒಪ್ಪಿಸುವುದು ಮಿರ್ಜಾ ಅವರ ಆಡಳಿತದ ಒಂದು ಗುಣ.

ಉದ್ಯಾನದ ಕೆಲಸ 1927ರಲ್ಲಿ ಆರಂಭವಾಗಿ 1932ರಲ್ಲಿ ಪೂರ್ಣಗೊಂಡಿತು. ಸುಮಾರು 60 ಎಕರೆಗಳ ಈ ತಾಣಕ್ಕೆ ಮೊದಲು ಕೃಷ್ಣರಾಜೇಂದ್ರ ಟೆರೇಸ್ ಉದ್ಯಾನ ಎಂದು ಹೆಸರಿತ್ತು. ಬೃಂದಾವನ ಎಂಬ ಹೆಸರೇ ಬಳಿಕ ಜನರ ನಾಲಗೆಯಲ್ಲಿ ನಿಂತಿತು.

ಜಲಾಶಯವೊಂದರ ಬಳಿ ಜನರಿಗಾಗಿ ಒಂದು ತಾಣವನ್ನು ರೂಪಿಸುವುದು ಹೇಗೆಂಬುದನ್ನು ಬೃಂದಾವನದ ರಚನೆಯಿಂದಲೇ ಕಲಿಯಬಹುದು. ಮೊದಲನೆಯದು ಸ್ಥಳದ ಆಯ್ಕೆ. ಜಲಾಶಯದ ಒಳದಡದಲ್ಲಿ ನೀರಿನ ಮಟ್ಟ ಒಂದೇ ಸಮನಾಗಿರುವುದಿಲ್ಲ. ಮಳೆಗಾಲದಲ್ಲಿ ದಡವನ್ನು ಮುಟ್ಟಿದ ನೀರು ಬೇಸಗೆಯಲ್ಲಿ ಎಷ್ಟೋ ದೂರ ಹಿಂದಕ್ಕೆ ಸರಿದು ಕೆಸರನ್ನು ಬಿಟ್ಟುಹೋಗುತ್ತದೆ. ಅಲ್ಲಿ ಕಟ್ಟಿದ ಮೆಟ್ಟಿಲು ಒಮ್ಮೆ ನೀರಿನಲ್ಲಿ ಮುಳುಗೀತು, ಮತ್ತೊಮ್ಮೆ ನೀರಿಲ್ಲದೆ ಬತ್ತಿದ ನೆಲದಲ್ಲಿ ನಿಂತೀತು. ಅಣೆಕಟ್ಟಿನ ಕೆಳಬದಿಯ ನೆಲಕ್ಕೆ ಈ ತೊಂದರೆಯಿಲ್ಲ. ಜಲಾಶಯದಿಂದ ಬೇಕಾದಷ್ಟು ನೀರನ್ನು ಅಳೆದು ಬಿಡಬಹುದು. ಆದ್ದರಿಂದಲೇ ಬೃಂದಾವನವು ಅಣೆಕಟ್ಟಿನ ಹಿಂದಿನ ಕಡಲಿನಂತಹ ನೀರಿನ ದಡದಲ್ಲಿಲ್ಲ. ಅದರ ಮುಂದಿನ ತಗ್ಗಿನಲ್ಲಿದೆ.

ಎರಡನೆಯದು ನೆಲದ ಇಳಿಜಾರಿನ ಬಳಕೆ. ಏರುತಗ್ಗಿನ ನೆಲವನ್ನು ಸಮತಟ್ಟು ಮಾಡುವ ಬದಲು ಅದನ್ನು ವಿಶಾಲವಾದ ಹಂತಗಳಾಗಿ ತಿದ್ದಲಾಯಿತು. ಅಣೆಕಟ್ಟಿನ ಹಿಂದೆ ಎತ್ತರದಲ್ಲಿ ನಿಂತ ನೀರು ತನ್ನ ಭಾರದಿಂದಲೇ ಕೆಳಗಿಳಿದು, ನಡುಗಾಲುವೆಗಳಲ್ಲಿ ಹರಿದು, ಹಂತದಿಂದ ಹಂತಕ್ಕೆ ಸಣ್ಣ ಜಲಪಾತಗಳಾಗಿ ಧುಮುಕುತ್ತದೆ. ಎತ್ತರದಲ್ಲಿರುವ ನೀರಿಗೆ ದಾರಿಯನ್ನು ಕಿರಿದು ಮಾಡಿಕೊಟ್ಟರೆ ಅದು ತಾನಾಗಿಯೇ ಮೇಲಕ್ಕೆ ಚಿಮ್ಮುತ್ತದೆ ಎಂಬ ಸರಳವಾದ ಭೌತಶಾಸ್ತ್ರದ ನಿಯಮವು ಇಲ್ಲಿ ಸೌಂದರ್ಯದ ಸೇವೆಗೆ ನಿಂತಿದೆ. ಹೀಗೆ ಹರಿದ ನೀರು ವ್ಯರ್ಥವಾಗುವುದಿಲ್ಲ; ಮತ್ತೆ ನದಿಯನ್ನು ಸೇರುತ್ತದೆ.

ಮೂರನೆಯದು ನಡೆಯುವವನ ಅನುಕೂಲ. ಕಾಲುವೆಗಳ ಎರಡು ಕಡೆಗಳಲ್ಲಿಯೂ ಕಾಲುದಾರಿಗಳು ಸಾಗುತ್ತವೆ. ಹಂತಗಳ ನಡುವೆ ಮೆಟ್ಟಿಲುಗಳಿವೆ. ಮೆಟ್ಟಿಲನ್ನು ಕಟ್ಟುವುದು ಸುಲಭವೆಂದು ತೋರಬಹುದು. ಆದರೆ ಅದು ಎತ್ತರವಾದರೆ ಮುದುಕರೂ ಮಕ್ಕಳೂ ಹತ್ತಲಾರರು. ನುಣುಪಾದರೆ ನೀರಿನ ತುಂತುರಿಗೆ ಕಾಲು ಜಾರುತ್ತದೆ. ನಡೆದು ದಣಿದ ಕಡೆಯಲ್ಲಿ ಆಸನವಿರಬೇಕು. ಆಸನದ ಮೇಲೆ ನೆರಳಿರಬೇಕು. ಕುಳಿತವನ ಕಣ್ಣಿಗೆ ನೀರು ಕಾಣಬೇಕು. ನೀರು ಆಳವಾಗಿರುವಲ್ಲಿ ಮಕ್ಕಳು ಬೀಳದಂತೆ ತಡೆಗೋಡೆ ಬೇಕು. ಆ ಗೋಡೆ ನೋಟವನ್ನು ಮುಚ್ಚುವಷ್ಟು ಎತ್ತರವಾಗಬಾರದು. ಕುಡಿಯುವ ನೀರು ಕೈಗೆಟುಕುವಂತಿರಬೇಕು. ಶೌಚಾಲಯವು ಕಣ್ಣಿಗೆ ಮರೆಯಾಗಿದ್ದರೂ ಹುಡುಕುವವರಿಗೆ ಬೇಗ ಸಿಗಬೇಕು. ಅದರ ಕೊಳೆ ನೀರು ಜಲಾಶಯಕ್ಕಾಗಲಿ ನದಿಗಾಗಲಿ ಹರಿಯಬಾರದು. ಇವು ಒಂದೊಂದೂ ಸಣ್ಣ ಸಂಗತಿಯೇ. ಇವುಗಳಲ್ಲಿ ಒಂದು ತಪ್ಪಿದರೂ ಬಂದವರು ಉದ್ಯಾನದ ಚೆಲುವನ್ನು ಮರೆತು ತಮ್ಮ ಕಷ್ಟವನ್ನೇ ನೆನೆಯುತ್ತ ಮನೆಗೆ ಮರಳುತ್ತಾರೆ.

ನಾಲ್ಕನೆಯದು ಬೆಳಕು. ಕಾವೇರಿಯ ಶಿವನಸಮುದ್ರ ಜಲಪಾತದಲ್ಲಿ 1902ರಲ್ಲಿಯೇ ವಿದ್ಯುತ್ತು ಉತ್ಪಾದನೆ ಆರಂಭವಾಗಿತ್ತು. ಆ ವಿದ್ಯುದಾಗಾರಕ್ಕೆ ವರ್ಷವೆಲ್ಲ ಸಮನಾಗಿ ನೀರು ಒದಗಿಸುವುದು ಕೃಷ್ಣರಾಜಸಾಗರದ ಉದ್ದೇಶಗಳಲ್ಲೊಂದು. ಇಲ್ಲಿಂದ ಹರಿದುಹೋದ ನೀರು ಅಲ್ಲಿ ವಿದ್ಯುತ್ತಾಗುತ್ತದೆ; ಬೃಂದಾವನದಲ್ಲಿ ವಿದ್ಯುತ್ತು ಬಣ್ಣಬಣ್ಣದ ಬೆಳಕಾಗಿ ಕಾರಂಜಿಯ ಹನಿಗಳಲ್ಲಿ ಮಿನುಗುತ್ತದೆ. ನಾಡಿನ ಬಹುಪಾಲು ಹಳ್ಳಿಗಳು ಎಣ್ಣೆಯ ದೀಪದಲ್ಲಿ ರಾತ್ರಿಯನ್ನು ಕಳೆಯುತ್ತಿದ್ದ ಕಾಲದಲ್ಲಿ ಆ ನೋಟವು ಜನರಿಗೆ ಎಂತಹ ಬೆರಗನ್ನು ತಂದಿರಬೇಕೆಂಬುದನ್ನು ನಾವು ಊಹಿಸಬಹುದು. ಜನರು ಸಂಜೆಯ ಹೊತ್ತಿನಲ್ಲಿ ಬಂದು, ದೀಪ ಹೊತ್ತಿದ ಮೇಲೂ ನಿರ್ಭಯವಾಗಿ ತಿರುಗಾಡಲು ಈ ಬೆಳಕು ಅವಕಾಶ ಮಾಡಿಕೊಟ್ಟಿತು. ದೂರದಿಂದ ಬಂದವರು ತಂಗಲು ಉದ್ಯಾನಕ್ಕೆ ಎದುರಾಗಿ ಒಂದು ಹೋಟೆಲ್ ಎದ್ದಿತು. ಉದ್ಯಾನದ ಎರಡು ಭಾಗಗಳ ನಡುವಣ ನೀರಿನಲ್ಲಿ ದೋಣಿಗಳು ಸಂಚರಿಸಿದವು. ಅಣೆಕಟ್ಟಿನ ಬುಡದಲ್ಲಿ ಕಾವೇರಿ ಮಾತೆಯ ವಿಗ್ರಹವು ನೆಲೆಗೊಂಡು, ಈ ಎಲ್ಲ ಸೊಬಗಿನ ಮೂಲವು ಯಾವುದೆಂಬುದನ್ನು ನೆನಪಿಸುತ್ತಿದೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ರೈತರು ಬಡತನದಲ್ಲಿದ್ದ ಒಂದು ಸಂಸ್ಥಾನವು ಹೂದೋಟಕ್ಕೂ ಕಾರಂಜಿಗೂ ಹಣ ವ್ಯಯಿಸುವುದು ನ್ಯಾಯವೇ? ಉದ್ಯಾನ ಸಿದ್ಧವಾಗುತ್ತಿದ್ದ ವರ್ಷಗಳಲ್ಲಿ ಲೋಕವನ್ನೆಲ್ಲ ಆರ್ಥಿಕ ಮುಗ್ಗಟ್ಟು ಕವಿದಿತ್ತು; ಬೆಳೆದ ಬೆಳೆಗೆ ಬೆಲೆಯಿರಲಿಲ್ಲ. ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಇದಕ್ಕೆ ಉತ್ತರವನ್ನು ಮಿರ್ಜಾ ಅವರ ಒಟ್ಟು ಆಡಳಿತದಲ್ಲಿ ಹುಡುಕಬೇಕು.

ಅವರು ಉದ್ಯಾನವೊಂದನ್ನೇ ಮಾಡಿ ಕೈಕಟ್ಟಿ ಕುಳಿತವರಲ್ಲ. ಅದೇ ಜಲಾಶಯದ ನೀರಿನಿಂದ ಮಂಡ್ಯದಲ್ಲಿ ಕಬ್ಬು ಬೆಳೆಯಿತು. ಆ ಕಬ್ಬನ್ನು ಅರೆಯಲು 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಗೊಂಡಿತು. 1939ರಲ್ಲಿ ಮಂಡ್ಯವು ಪ್ರತ್ಯೇಕ ಜಿಲ್ಲೆಯಾಯಿತು. ಭದ್ರಾವತಿಯಲ್ಲಿ ಕಾಗದದ ಕಾರ್ಖಾನೆ, ಬೆಂಗಳೂರಿನಲ್ಲಿ ಪಿಂಗಾಣಿಯ ಕಾರ್ಖಾನೆ ಮತ್ತು ವಿದ್ಯುದ್ದೀಪಗಳ ಕಾರ್ಖಾನೆ ಅವರ ಕಾಲದಲ್ಲಿ ಬೆಳಕು ಕಂಡವು. ವಾಲ್‌ಚಂದ್ ಹೀರಾಚಂದ್ ಎಂಬ ಉದ್ಯಮಿಗೆ ಸಂಸ್ಥಾನದ ನೆರವು ದೊರೆತು, 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಹುಟ್ಟಿತು. ಹಳ್ಳಿಗಳಿಗೆ ವಿದ್ಯುತ್ತನ್ನು ಒಯ್ಯುವ ಕಾರ್ಯವೂ ನಡೆಯಿತು. ಅನ್ನಕ್ಕೆ ದಾರಿ ಮಾಡುವ ಕೆಲಸವೂ ಮನಸ್ಸಿಗೆ ಮುದ ನೀಡುವ ಕೆಲಸವೂ ಅವರ ಆಡಳಿತದಲ್ಲಿ ಜೊತೆಜೊತೆಯಾಗಿ ಸಾಗಿದವು.

ಇನ್ನೂ ಒಂದು ಮಾತನ್ನು ಗಮನಿಸಬೇಕು. ಸಿರಿವಂತನಿಗೆ ತನ್ನದೇ ತೋಟವಿರುತ್ತದೆ. ಅರಸನಿಗೆ ಅರಮನೆಯ ಉದ್ಯಾನವಿರುತ್ತದೆ. ಒಂದು ಸಂಜೆಯನ್ನು ನೆಮ್ಮದಿಯಿಂದ ಕಳೆಯಲು ಸಾರ್ವಜನಿಕ ತಾಣವನ್ನು ಬಿಟ್ಟರೆ ಬೇರೆ ಸ್ಥಳವಿಲ್ಲದವನು ಬಡವನೇ. ಮೊಗಲ್ ದೊರೆಯು ತನ್ನ ವಿಹಾರಕ್ಕೆಂದು ಮಾಡಿಸಿಕೊಂಡ ಉದ್ಯಾನದ ಮಾದರಿಯನ್ನು ತಂದು ನಮ್ಮ ನಾಡಿನ ಸಾಮಾನ್ಯ ಜನರು ತಿರುಗಾಡುವ ತಾಣವನ್ನಾಗಿ ಮಾಡಿದ್ದರಲ್ಲಿ ಬೃಂದಾವನದ ನಿಜವಾದ ಹಿರಿಮೆಯಿದೆ. ಹಲವು ಭಾಷೆಗಳ ಚಲನಚಿತ್ರಗಳು ಮುಂದೆ ಅಲ್ಲಿ ತಯಾರಾದವು. ದೇಶದ ಮೂಲೆಮೂಲೆಗಳಿಂದ ಜನ ಬಂದರು. ಅವರನ್ನು ನಂಬಿ ಸುತ್ತಮುತ್ತಣ ಎಷ್ಟೋ ಸಂಸಾರಗಳು ಜೀವನೋಪಾಯವನ್ನು ಕಂಡುಕೊಂಡವು.

ಮಿರ್ಜಾ ಅವರ ಬಾಳಿನಲ್ಲಿ ನೆರಳಿನ ಭಾಗವೂ ಉಂಟು. ಜನರ ಸೌಕರ್ಯಕ್ಕಾಗಿ ಹಗಲಿರುಳು ದುಡಿದ ಅವರು ಜನರಿಗೆ ಅಧಿಕಾರವನ್ನು ಒಪ್ಪಿಸುವುದರಲ್ಲಿ ಅಷ್ಟು ಬೇಗ ಮುಂದೆ ಬರಲಿಲ್ಲ. ಸ್ವಾತಂತ್ರ್ಯ ಚಳವಳಿಯ ಗಾಳಿ ಮೈಸೂರು ಸಂಸ್ಥಾನಕ್ಕೂ ಬೀಸಿದಾಗ ಜವಾಬ್ದಾರಿ ಸರ್ಕಾರಕ್ಕಾಗಿ ಜನ ದನಿಯೆತ್ತಿದರು. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹಲವರು ಪ್ರಾಣ ತೆತ್ತರು. ದೇಶವೇ ಈ ಸುದ್ದಿಯಿಂದ ನೊಂದಿತು. ಅನಂತರ ಸರ್ದಾರ್ ವಲ್ಲಭಭಾಯಿ ಪಟೇಲರು ಬಂದು ಮಾತುಕತೆ ನಡೆಸಿದರು. ಮಿರ್ಜಾ-ಪಟೇಲ್ ಒಪ್ಪಂದವೆಂದು ಹೆಸರಾದ ಈ ಒಡಂಬಡಿಕೆಯಿಂದ ರಾಷ್ಟ್ರಧ್ವಜವನ್ನು ಹಾರಿಸುವ ಹಕ್ಕು ಜನರಿಗೆ ದೊರೆಯಿತು. ದೊಡ್ಡವರ ಜೀವನವನ್ನು ಓದುವಾಗ ಅವರ ಸಾಧನೆಯನ್ನು ಮೆಚ್ಚುವಂತೆಯೇ ಅವರ ಮಿತಿಯನ್ನೂ ಅರಿಯಬೇಕು. ಒಳ್ಳೆಯ ಆಡಳಿತವು ಎಷ್ಟೇ ಅಂದವಾಗಿದ್ದರೂ ಜನರ ಸ್ವಂತ ಆಡಳಿತದ ಸ್ಥಾನವನ್ನು ಅದು ತುಂಬಲಾರದು.

ಬಾಲ್ಯದ ಗೆಳೆಯರೂ ಒಡೆಯರೂ ಆಗಿದ್ದ ನಾಲ್ವಡಿ ಕೃಷ್ಣರಾಜ ಒಡೆಯರು 1940ರ ಆಗಸ್ಟ್ 3ರಂದು ನಿಧನರಾದರು. ಮರುವರ್ಷ ಮಿರ್ಜಾ ಅವರು ದಿವಾನಗಿರಿಯನ್ನು ಬಿಟ್ಟರು. ಆದರೆ ವಿಶ್ರಾಂತಿ ಅವರ ಪಾಲಿಗಿರಲಿಲ್ಲ. 1942ರಿಂದ 1946ರವರೆಗೆ ಜಯಪುರ ಸಂಸ್ಥಾನದ ಪ್ರಧಾನಮಂತ್ರಿಯಾಗಿ ಆ ನಗರವನ್ನು ಅಂದಗೊಳಿಸಿದರು. ಅಲ್ಲಿನ ಹೆದ್ದಾರಿಯೊಂದು ಇಂದಿಗೂ ಮಿರ್ಜಾ ಇಸ್ಮಾಯಿಲ್ ರಸ್ತೆ ಎಂದೇ ಹೆಸರಾಗಿದೆ. ಅನಂತರ ಹೈದರಾಬಾದ್ ಸಂಸ್ಥಾನದ ಪ್ರಧಾನಮಂತ್ರಿಯಾದರು. ಭಾರತದೊಡನೆ ಸೌಹಾರ್ದದಿಂದ ಬಾಳಬೇಕೆಂಬ ಅವರ ನಿಲುವು ಅಲ್ಲಿನ ಉಗ್ರವಾದಿಗಳಿಗೆ ಹಿಡಿಸಲಿಲ್ಲ. 1947ರಲ್ಲಿ ಆ ಪದವಿಯನ್ನು ತೊರೆದು ಬಂದರು. 1954ರಲ್ಲಿ ಅವರ ಆತ್ಮಚರಿತ್ರೆಯು ಇಂಗ್ಲಿಷಿನಲ್ಲಿ ಪ್ರಕಟವಾಯಿತು. 1959ರ ಜನವರಿ 5ರಂದು, ತಾವು ಹುಟ್ಟಿ ಬೆಳೆದ ಬೆಂಗಳೂರಿನಲ್ಲಿಯೇ ಅವರು ಕೊನೆಯುಸಿರೆಳೆದರು.

ಅವರು ಬಿಟ್ಟುಹೋದ ಬೃಂದಾವನವನ್ನು ಉಳಿಸಿಕೊಳ್ಳುವುದು ಅದನ್ನು ನಿರ್ಮಿಸಿದಷ್ಟೇ ಕಷ್ಟದ ಕೆಲಸ. ಉದ್ಯಾನವು ದೇವಾಲಯದಂತೆ ಕಲ್ಲಿನಲ್ಲಿ ಕಡೆದಿಟ್ಟು ಬಿಡುವ ವಸ್ತುವಲ್ಲ. ದಿನವೂ ಕಳೆ ಕೀಳಬೇಕು, ಸಸಿಗೆ ನೀರೆರೆಯಬೇಕು, ಕಟ್ಟಿದ ಕಾರಂಜಿಯ ನಳಿಕೆಯನ್ನು ಬಿಡಿಸಬೇಕು, ಆರಿದ ದೀಪವನ್ನು ಬದಲಾಯಿಸಬೇಕು, ಸಡಿಲವಾದ ಕಲ್ಲನ್ನು ಭದ್ರಪಡಿಸಬೇಕು. ಈ ಕೆಲಸಗಳನ್ನು ಮಾಡುವ ಮಾಲಿಗಳೂ ಕಾವಲುಗಾರರೂ ಗುಡಿಸುವವರೂ ದಿವಾನರಷ್ಟೇ ಮುಖ್ಯರು. ಬರುವ ಜನರ ಹೊಣೆಯೂ ಕಡಿಮೆಯದಲ್ಲ. ತಿಂದ ಎಲೆಯನ್ನೂ ಪ್ಲಾಸ್ಟಿಕ್ ಚೀಲವನ್ನೂ ನೀರಿಗೆ ಎಸೆಯುವವನು, ಬೆಂಚಿನ ಮೇಲೆ ಹೆಸರು ಕೆತ್ತುವವನು, ಹೂವನ್ನು ಕಿತ್ತು ಬಿಸಾಡುವವನು ನೂರಾರು ಜನರ ದುಡಿಮೆಯನ್ನು ಒಂದು ಗಳಿಗೆಯಲ್ಲಿ ಹಾಳುಮಾಡುತ್ತಾನೆ. ಬೀದಿಯಲ್ಲಿ ಬಿದ್ದ ಕಸದ ಕಡೆಗೂ ದಿವಾನರೊಬ್ಬರು ಗಮನ ಕೊಡುತ್ತಿದ್ದರೆಂಬುದನ್ನು ಆಗ ನಾವು ನೆನೆಯಬೇಕು.

ಎಲ್ಲ ಊರುಗಳಿಗೂ ಬೃಂದಾವನ ಬೇಕಿಲ್ಲ. ಎಲ್ಲ ಕೆರೆಗಳಿಗೂ ಬಣ್ಣದ ಕಾರಂಜಿ ಒಪ್ಪುವುದೂ ಇಲ್ಲ. ಮಣಿಪಾಲದ ಮಣ್ಣಪಳ್ಳದ ಸುತ್ತ ಜನರು ಬೆಳಗು ಬೈಗುಗಳಲ್ಲಿ ನಡೆದಾಡುತ್ತಾರೆ. ಕಾರ್ಕಳದ ಆನೆಕೆರೆಯ ದಡಕ್ಕೆ ಸಂಜೆಯ ತಂಗಾಳಿಗೆಂದು ಬರುವವರಿದ್ದಾರೆ. ಕರಾವಳಿಯ ಬಿರುಮಳೆಯನ್ನು ತಾಳಬಲ್ಲ ಕಾಲುದಾರಿ, ಜಂಬಿಟ್ಟಿಗೆಯ ಕಟ್ಟೆ, ಸೂರಿನ ಅಡಿಯಲ್ಲಿ ನಾಲ್ಕು ಆಸನ, ಕುಡಿಯುವ ನೀರು, ಶುಚಿಯಾದ ಶೌಚಾಲಯ, ದಡದಲ್ಲಿ ನೆರಳಿನ ಮರ ಇಷ್ಟಿದ್ದರೆ ಇಂತಹ ತಾಣಕ್ಕೆ ಸಾಕು. ಹಕ್ಕಿಗಳು ಕೂರುವ ಪೊದೆಯನ್ನೂ ಮಳೆನೀರು ಇಳಿದುಬರುವ ತೋಡನ್ನೂ ಮುಚ್ಚಿ ಕಟ್ಟಡ ಕಟ್ಟಿದರೆ ಕೆರೆಯೇ ಬತ್ತುತ್ತದೆ. ಕೆರೆ ಬತ್ತಿದ ಮೇಲೆ ದಡದ ಆಸನದಲ್ಲಿ ಕುಳಿತು ನೋಡುವುದಾದರೂ ಏನನ್ನು? ನೀರು ಮೊದಲು, ಅದನ್ನು ನೋಡುವವನ ಸೌಕರ್ಯ ಆಮೇಲೆ ಎಂಬ ಕ್ರಮವನ್ನು ಎಂದೂ ಮರೆಯಬಾರದು.

ಮಿರ್ಜಾ ಇಸ್ಮಾಯಿಲ್ ಅವರು ಎಂಜಿನಿಯರರಲ್ಲ, ತೋಟಗಾರಿಕೆಯ ಪಂಡಿತರೂ ಅಲ್ಲ. ಅಣೆಕಟ್ಟನ್ನು ಕಟ್ಟಿದವರು ಬೇರೆ, ಗಿಡಗಳನ್ನು ಆರಿಸಿ ನೆಡಿಸಿದವರು ಬೇರೆ. ಇವರೆಲ್ಲರ ದುಡಿಮೆಯು ದಣಿದು ಬಂದ ಒಬ್ಬ ಅಪರಿಚಿತನ ಸಂತೋಷದಲ್ಲಿ ಕೊನೆಗಾಣಬೇಕೆಂದು ಬಯಸಿ, ಅದಕ್ಕೆ ತಕ್ಕ ಏರ್ಪಾಡು ಮಾಡಿದುದು ಮಿರ್ಜಾ ಅವರ ಪಾಲಿನ ಕೆಲಸ. ಇಂದು ಬೃಂದಾವನದ ಮೆಟ್ಟಿಲಿಳಿಯುವ ಯಾವ ಹಳ್ಳಿಗನನ್ನೂ ಯಾರೂ ಅವನ ಜಾತಿಯನ್ನಾಗಲಿ ಮತವನ್ನಾಗಲಿ ಕೇಳುವುದಿಲ್ಲ. ಅವನು ಕಾರಂಜಿಯ ಎದುರಿನ ಆಸನದಲ್ಲಿ ಕುಳಿತು, ಹೆಗಲ ಮೇಲಿನ ಮಗುವನ್ನು ಕೆಳಗಿಳಿಸಿ, ಬೆಳಕು ಬೀಳುವ ನೀರಿನ ಕಡೆಗೆ ಕೈತೋರಿಸುತ್ತಾನೆ.

ಅಭ್ಯಾಸ

1. ಹಿಂದಿನ ಕಾಲದಲ್ಲಿ ಕೆರೆಯ ಜೊತೆಯಲ್ಲಿ ಯಾವ ಯಾವ ಏರ್ಪಾಡುಗಳನ್ನು ಮಾಡುತ್ತಿದ್ದರು?
2. ಬೃಂದಾವನ ಉದ್ಯಾನವನ್ನು ಅಣೆಕಟ್ಟಿನ ಕೆಳಬದಿಯಲ್ಲಿ ನಿರ್ಮಿಸಿದ್ದರಿಂದ ದೊರೆತ ಅನುಕೂಲಗಳೇನು?
3. ಬಡತನವಿದ್ದ ನಾಡಿನಲ್ಲಿ ಉದ್ಯಾನಕ್ಕೆ ಹಣ ವ್ಯಯಿಸುವುದು ನ್ಯಾಯವೇ? ಪಾಠದ ಆಧಾರದಿಂದ ನಿಮ್ಮ ಅಭಿಪ್ರಾಯವನ್ನು ವಿವರಿಸಿರಿ.
4. ಮಿರ್ಜಾ ಇಸ್ಮಾಯಿಲ್ ಅವರ ಆಡಳಿತದ ಗುಣಗಳನ್ನೂ ಮಿತಿಯನ್ನೂ ಕುರಿತು ಬರೆಯಿರಿ.
5. ನಿಮ್ಮ ಊರಿನ ಕೆರೆಯ ದಡದಲ್ಲಿ ಜನರಿಗೆ ಬೇಕಾದ ಸೌಕರ್ಯಗಳು ಯಾವುವು? ಅವುಗಳಿಂದ ಕೆರೆಗೆ ಹಾನಿಯಾಗದಂತೆ ಹೇಗೆ ನೋಡಿಕೊಳ್ಳುವಿರಿ?